ಗೀಟು ಹಾಕಿದ ಎಕ್ಸ್‌ರೇ

ಏಳನೆಯ ತರಗತಿಗೇ ಶಾಲೆ ಬಿಟ್ಟವಳು ನಾನು. ಆಮೇಲೆ ಕಲಿತದ್ದೆಲ್ಲ ವಿಜಯನಗರದ ಗ್ರಂಥಾಲಯದಲ್ಲಿ, ನಿಘಂಟನ್ನು ಪಕ್ಕದಲ್ಲಿಟ್ಟುಕೊಂಡು. ಮಾತ್ರೆಯ ಡಬ್ಬಿಯೊಳಗಿನ ಚೀಟಿಯನ್ನು ಪೂರ್ತಿ ಓದದೆ ಮನೆಯಲ್ಲಿ ಯಾರಿಗೂ ಮಾತ್ರೆ ಕೊಟ್ಟವಳಲ್ಲ. ಯಾರು ಏನೇ ಹೇಳಲಿ, "ಕಣ್ಣಾರೆ ನೋಡಿದ್ರಾ?" ಎಂದು ಕೇಳುವುದು ನನ್ನ ಅಭ್ಯಾಸ. ಅದಕ್ಕೇ ಅಳಿಯ ಬೆನ್ನ ಹಿಂದೆ ನನ್ನನ್ನು ಲಾಯರಮ್ಮ ಎನ್ನುತ್ತಿದ್ದ.

ಮಗಳಿಗೆ ನಾಲ್ಕು ತಿಂಗಳಿಂದ ಹೊಟ್ಟೆನೋವು. ಚಂದ್ರಾ ಲೇಔಟಿನ ಕ್ಲಿನಿಕ್ಕಿನಲ್ಲಿ ಗ್ಯಾಸ್ಟ್ರಿಕ್ ಎಂದರು. ಒಂದು ಬೆಳಗ್ಗೆ ಹೊಟ್ಟೆ ಹಲಗೆಯಂತೆ ಬಿಗಿದು ವಾಂತಿ ನಿಲ್ಲದಾದಾಗ ದೊಡ್ಡ ಆಸ್ಪತ್ರೆಗೆ ಸೇರಿಸಿದೆವು. ಎಕ್ಸ್‌ರೇ ಹಾಳೆಯಲ್ಲಿ ಇಂಗ್ಲಿಷಿನ ಟಿ ಅಕ್ಷರ ಬೆಳ್ಳಗೆ, ಓರೆಯಾಗಿ ಬಿದ್ದಿತ್ತು. ಐದು ವರ್ಷದ ಹಿಂದೆ, ಹೆರಿಗೆಯಾದ ಕೂಡಲೇ ಮತ್ತೆ ಬಸಿರಾಗದಂತೆ ಹಾಕಿದ್ದ ಕಾಪರ್-ಟಿ ಗರ್ಭಕೋಶವನ್ನು ತೂತುಮಾಡಿಕೊಂಡು ಹೊರಬಂದು ಕರುಳಿಗೆ ಚುಚ್ಚಿಕೊಂಡಿತ್ತು.

"ಎಷ್ಟೋ ಜನಕ್ಕೆ ಹಾಕ್ತೀವಮ್ಮ, ಹಿಂಗಾಗೋದು ಎಲ್ಲೋ ಒಬ್ರಿಗೆ," ಎಂದರು ಶಸ್ತ್ರವೈದ್ಯರು. "ಆದ್ರೆ ಅದರ ದಾರ ಕೈಗೆ ಸಿಗ್ದೆ ಹೋದಾಗ್ಲೇ ಎಕ್ಸ್‌ರೇ ತೆಗೀಬೇಕಿತ್ತು. ಬಿದ್ದೋಯ್ತು ಅಂದ್ಕೊಂಡಿದ್ವಿ ಅಂತಾರೆ ನಿಮ್ಮ ಮಗಳು, ಹಾಗಂತ ಯಾರು ಹೇಳಿದ್ದು?"

ಕೊಳೆತ ಕರುಳನ್ನು ಕತ್ತರಿಸಿ ತೆಗೆದರು. ಮಲ ಹೊರಬರಲು ಹೊಟ್ಟೆಯ ಮೇಲೊಂದು ಚೀಲ ಅಂಟಿಸಿದರು. ಮುಂದೆ ಕರುಳನ್ನು ಮತ್ತೆ ಜೋಡಿಸಬಹುದು, ಜೋಡಿಸಲಾಗದೆಯೂ ಇರಬಹುದು ಎಂದರು. ಮಗಳ ಮನೆಯಲ್ಲಿ ಆ ಚೀಲವನ್ನು ದಿನವೂ ಬದಲಾಯಿಸುವ ಕೆಲಸ ನನ್ನದಾಯಿತು.

ವೈದ್ಯರ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಹೆರಿಗೆ ಮಾಡಿಸಿದ ಆಸ್ಪತ್ರೆಯವರೇ ಉತ್ತರ ಕೊಡಬೇಕೆಂದು ಹಟ ಹಿಡಿದೆ.

"ಬಿಟ್ಬಿಡಿ ಅತ್ತೆ, ಈಗ ಕೆದಕಿ ಏನು ಬಂತು?" ಎಂದ ಅಳಿಯ.

"ಯಾರ ತಪ್ಪು ಅಂತ ಗೊತ್ತಾಗ್ಬೇಕು ಕಣಪ್ಪ."

"ಆಯ್ತು, ಲಾಯರಮ್ಮ," ಎಂದ, ಈ ಸಲ ಮುಖದೆದುರಿಗೇ.

"ಹಳೇ ಫೈಲೆಲ್ಲ ಗೋಡೌನಲ್ಲಿದೆ ಆಂಟಿ, ಮುಂದಿನ ವಾರ ಬನ್ನಿ," ಎಂದಳು ಹೆರಿಗೆ ಆಸ್ಪತ್ರೆಯ ದಾಖಲೆ ಕೋಣೆಯ ಗುಮಾಸ್ತೆ. ಮೂರನೆಯ ಸಲ ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟೆ. ಪ್ರತಿ ಸಿಕ್ಕಿತು. ಹೆರಿಗೆಯಾದ ಆರನೆಯ ವಾರದ ತಪಾಸಣೆಯ ಪುಟವನ್ನು ನಿಘಂಟು ಹಿಡಿದು ಓದಿದೆ. ದಾರ ಸಿಗುತ್ತಿಲ್ಲ. ಸ್ಕ್ಯಾನಿನಲ್ಲಿ ಗರ್ಭಕೋಶ ಖಾಲಿ. ಕೆಳಗೆ ಹೊಟ್ಟೆಯ ಎಕ್ಸ್‌ರೇ ಎಂದು ಬರೆದು, ಅದರ ಮೇಲೆ ಗೀಟು ಎಳೆದಿದ್ದರು. ಗೀಟಿನ ಪಕ್ಕದಲ್ಲಿ: ತಾನಾಗಿ ಬಿದ್ದಿದೆ, ನೋಡಿದವರು ರೋಗಿಯ ತಾಯಿ.

ಮರೆತೇ ಹೋಗಿದ್ದದ್ದು ಆಗ ನೆನಪಾಯಿತು. ಬಾಣಂತನ ನನ್ನ ಮನೆಯಲ್ಲೇ ನಡೆದಿತ್ತು. ಮಗಳ ಬಟ್ಟೆಗಳನ್ನು ನಾನೇ ಒಗೆಯುತ್ತಿದ್ದೆ. ಬೇರೆಯವರ ಕೈಗೆ ಕೊಡುವ ಪದ್ಧತಿ ನಮ್ಮಲ್ಲಿಲ್ಲ. ಒಂದು ದಿನ ಹೆಪ್ಪುಗಟ್ಟಿದ ರಕ್ತದೊಳಗೆ ಏನೋ ಗಟ್ಟಿಯಾಗಿ ಕೈಗೆ ತಗುಲಿತು. ಬಿಡಿಸಿ ನೋಡಲು ಹೇಸಿ, ಹಳೆಯ ಪತ್ರಿಕೆಯಲ್ಲಿ ಸುತ್ತಿ ಎಸೆದೆ. ತಪಾಸಣೆಯ ದಿನ ವೈದ್ಯೆ ವಿಚಾರಿಸಿದಾಗ "ಬಿದ್ದೋಯ್ತು ಮೇಡಂ, ನಾನೇ ನೋಡ್ದೆ," ಎಂದಿದ್ದೆ. ಕೂಸು ಅಳುತ್ತಿತ್ತು; ಎಕ್ಸ್‌ರೇ ಕೋಣೆಯ ಮುಂದಿನ ಸಾಲು ಉದ್ದವಿತ್ತು. ಬಾಣಂತನ ಮಾಡುವವಳ ಮಾತನ್ನು ಅವರು ನಂಬಿದರು. ಕಣ್ಣಾರೆ ನೋಡಿದಿರಾ ಎಂದು ನನ್ನನ್ನು ಯಾರೂ ಕೇಳಲಿಲ್ಲ.

ಶ್ರೀಗಂಧದ ಕಾವಲಿನ ಮಗಳ ಮನೆಗೆ ಬಂದು ಹಾಳೆಯನ್ನು ಅವಳ ಮುಂದಿಟ್ಟೆ.

"ನಾನು ನೋಡಿರ್ಲಿಲ್ಲ ಕಣೇ."

ಅವಳು ಎರಡು ಸಲ ಓದಿದಳು. "ಎಡಗಡೆ ಚುಚ್ಚತ್ತೆ ಅಂತ ಆವತ್ತೇ ಡಾಕ್ಟ್ರಿಗೆ ಹೇಳೋಣ ಅಂತಿದ್ದೆ. ನೀನು ನೋಡ್ದೆ ಅಂದ್ಯಲ್ಲ, ಸುಮ್ನಾದೆ."

ಚೀಲ ತುಂಬಿತ್ತು. ಬದಲಾಯಿಸಲು ನಾನು ಕೈ ತೊಳೆದುಕೊಂಡು ಬಂದೆ.

"ಬೇಡಮ್ಮ," ಎಂದಳು. "ಅವ್ರನ್ನ ಕರಿ."

ಅಳಿಯ ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ನಾನು ಒದ್ದೆ ಕೈಯಲ್ಲಿ ಹೊರಗೆ ನಿಂತಿದ್ದೆ.