ಆಲೂಗಡ್ಡೆ ಮುಂದೆ, ಸೈಕಲ್ಲು ಹಿಂದೆ
ಹಾಲೆಂಡಿನ ವೀಬ್ರನ್ ರಜೆಗೆಂದು ಫ್ರಾನ್ಸಿನತ್ತ ಕಾರು ಹೊರಡಿಸಿದನೆಂದರೆ ಕೈ ಸ್ಟಿಯರಿಂಗ್ ಮೇಲಿರುತ್ತದೆ, ಜೀವವೆಲ್ಲ ಕಾರು ಎಳೆದೊಯ್ಯುವ ಮನೆಗಾಡಿ ಕ್ಯಾರವಾನಿನ ಬೆನ್ನಿಗೆ ಕಟ್ಟಿದ ಎರಡು ಸೈಕಲ್ಲುಗಳ ಮೇಲೆ. ಪಟ್ಟಿ ಬಿಗಿದು, ಪಟ್ಟಿಯ ಮೇಲೆ ಹಗ್ಗ ಸುತ್ತಿ, ಪಕ್ಕದ ಮನೆಯವರನ್ನು ಕರೆದು ಅಲ್ಲಾಡಿಸಿ ನೋಡಿಸಿದರೂ ಅವನಿಗೆ ಸಮಾಧಾನವಿಲ್ಲ. ಹಿಂದೆ ಭಾರ ಹೆಚ್ಚಾದರೆ ಕ್ಯಾರವಾನ್ ಓಲಾಡುತ್ತದೆಂದು ಅದರ ಮೂತಿಯ ಪೆಟ್ಟಿಗೆಯಲ್ಲಿ ಊರಿನ ಆಲೂಗಡ್ಡೆ ಮೂಟೆ ಇಡುತ್ತಾನೆ; ತಿಂದರೆ ತೂಕ ತಪ್ಪೀತೆಂಬ ಭಯಕ್ಕೆ ಒಂದನ್ನೂ ಬೇಯಿಸಗೊಡುವುದಿಲ್ಲ, ಅವು ಮೊಳಕೆಯೊಡೆದು ಮನೆಗೆ ಮರಳುತ್ತವೆ. ಟ್ಯಾಂಕು ತುಂಬಿದ್ದರೂ ಕಂಡ ಕಂಡ ಪೆಟ್ರೋಲ್ ಬಂಕಿನಲ್ಲಿ ಇಳಿದು ಹಿಂದಕ್ಕೆ ಓಡಿ ಸೈಕಲ್ಲುಗಳನ್ನು ತಬ್ಬಿ ಅಲ್ಲಾಡಿಸಿ ನೋಡುತ್ತಾನೆ. "ನನ್ನನ್ನ ಒಂದಿನನಾದ್ರೂ ಇಷ್ಟು ಬಿಗಿಯಾಗಿ ಅಪ್ಕೊಂಡಿದ್ದೀಯೇನೋ ಮಾರಾಯ?" ಎಂದು ಹೆಂಡತಿ ಹಿಲ್ಕೆ ಚೀಸ್ ಬ್ರೆಡ್ ಕಚ್ಚುತ್ತ ಕೆಣಕುತ್ತಾಳೆ. ಈ ಸಲ ಅವಳಿಗೂ ರೇಗಿಹೋಯಿತು. "ಬಿದ್ರೆ ಬೀಳ್ಲಿ ಬಿಡು, ಹಳೇ ಸೈಕಲ್ಲು. ಬೇರೆ ತಗೊಂಡ್ರಾಯ್ತು." ವೀಬ್ರನ್ ಪಕ್ಕದ ಕನ್ನಡಿಯಿಂದ ಕಣ್ಣು ಕೀಳಲಿಲ್ಲ. "ಸೈಕಲ್ ಹಾಳಾಗಿ ಹೋಗ್ಲಿ ಕಣೇ. ನಮ್ಮ ಹಿಂದೇನೇ ಬರ್ತಿದೆಯಲ್ಲ ಆ ಕೆಂಪು ಕಾರು, ಅದರಲ್ಲಿ ಮಕ್ಕಳಿದಾವೆ." ಮುಂದಿನ ಬಂಕಿನಲ್ಲಿ ಕಾರು ಪೂರ್ತಿ ನಿಲ್ಲುವ ಮೊದಲೇ ಬಾಗಿಲು ತೆಗೆದು ಹಿಂದಕ್ಕೆ ಓಡಿದವಳು ಹಿಲ್ಕೆಯೇ.