ಅಪ್ಪ ಕುಡಿಯದ ಸಾರಾಯಿ

ಅಪ್ಪನ ಹೊಟ್ಟೆಕಿಚ್ಚಿಗೆ ಕಾರಣ ಒಬ್ಬ ಲಾರಿ ಡ್ರೈವರ್. ಹಿರಿಯೂರಿನ ನಮ್ಮ ಪುಟ್ಟ ಚರ್ಚಿನಲ್ಲಿ ಭಾನುವಾರ ಪಾದ್ರಿಗಳ ಬೋಧನೆಯ ಪ್ರಸಂಗಕ್ಕೆ ಮುಂಚೆ ಸಾಕ್ಷಿ ಹೇಳುವ ಪದ್ಧತಿಯಿತ್ತು. ಯಾರಾದರೂ ಎದ್ದು ನಿಂತು, ತಾನು ಎಂಥ ಪಾಪಿಯಾಗಿದ್ದೆ, ದೇವರು ಹೇಗೆ ಕೈಹಿಡಿದ ಎಂದು ಹೇಳಬೇಕು. ಆ ಡ್ರೈವರ್ ಎದ್ದನೆಂದರೆ ಮುಗಿಯಿತು. ಕುಡಿದು ಲಾರಿಯನ್ನು ಹಳ್ಳಕ್ಕೆ ಇಳಿಸಿದ್ದು, ಹೆಂಡತಿಯ ತಾಳಿ ಮಾರಿದ್ದು, ಎಲ್ಲ ಹೇಳುತ್ತಿದ್ದ. ಹೆಂಗಸರು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು. "ಸ್ತೋತ್ರ, ಸ್ತೋತ್ರ" ಎಂಬ ಸದ್ದಿಗೆ ಹೆಂಚಿನ ಮೇಲಿನ ಪಾರಿವಾಳಗಳು ಹಾರಿಹೋಗುತ್ತಿದ್ದವು.

ನಮ್ಮಪ್ಪನ ಹತ್ತಿರ ಏನಿತ್ತು, ಮಣ್ಣು? ಮಾರಿಕಣಿವೆ ಅಣೆಕಟ್ಟಿನಲ್ಲಿ ದಿನಾ ನೀರಿನ ಮಟ್ಟ ಬರೆದಿಡುವ ಕೆಲಸ. ಬೀಡಿ ಸೇದಿದವನಲ್ಲ. ಎರಡನೇ ಲೋಟ ಕಾಫಿ ಕುಡಿದರೆ ನಿದ್ದೆ ಬಾರದು. ಅವನು ಎದ್ದು, ಚಿಕ್ಕವನಿದ್ದಾಗ ಪಕ್ಕದವರ ಮರದ ಹುಣಸೆಕಾಯಿ ಕದ್ದಿದ್ದೆ ಎಂದರೆ ಜನ ಆಕಳಿಸುತ್ತಿದ್ದರು. ತಗ್ಗಿದವನನ್ನು ದೇವರು ಎತ್ತುತ್ತಾನೆ ಎಂದು ಅಯ್ಯನವರು, ಅಂದರೆ ನಮ್ಮ ಪಾದ್ರಿಗಳು, ವಾರವಾರವೂ ಹೇಳುತ್ತಿದ್ದರು. ಅಪ್ಪನ ಕಿವಿಗೆ ಬಿದ್ದದ್ದು ಎತ್ತುವುದೊಂದೇ.

ಎಪ್ಪತ್ತರ ದಶಕದ ನಡುವೆ, ನನಗೆ ಇಪ್ಪತ್ತೊಂದು ತುಂಬಿದಾಗ, ಹೊಸದುರ್ಗದಿಂದ ಒಂದು ಸಂಬಂಧ ಬಂತು. ಹುಡುಗ ಮೇಷ್ಟ್ರು. ಒಮ್ಮೆ ನೋಡಿದ್ದೆ, ಒಪ್ಪಿದ್ದೆ. ಯಾಕೆ ಸುಳ್ಳು ಹೇಳಲಿ, ಮನಸ್ಸಿನಲ್ಲೇ ಅವನ ಮನೆಯ ಕಿಟಕಿಗೆ ಪರದೆ ಕೂಡ ಹೊಲಿದು ಮುಗಿಸಿದ್ದೆ. ಮಾತು ಪಕ್ಕಾ ಮಾಡಲು ಹುಡುಗನ ತಂದೆ ಒಂದು ಭಾನುವಾರ ಬಂದರು. ಆರಾಧನೆ ಮುಗಿಸಿ ನಮ್ಮ ಮನೆಯಲ್ಲಿ ಊಟವೆಂದು ಅವ್ವ ಬೆಳಿಗ್ಗೆಯೇ ಕೋಳಿಸಾರು ಮಾಡಿಟ್ಟಿದ್ದಳು.

ಬೀಗರಾಗುವವರು ಮುಂದಿನ ಸಾಲಿನಲ್ಲಿ ಕೂತದ್ದು ಕಂಡು ಅಪ್ಪನಿಗೆ ಅದೇನು ಬಂತೋ, ಎದ್ದೇಬಿಟ್ಟ.

"ಸಭೆಯವರೇ, ನನ್ನಂಥ ಪಾಪಿ ಈ ತಾಲ್ಲೂಕ್ನಾಗೇ ಇಲ್ಲ. ಸಾರಾಯಿ ಇಲ್ದೆ ನನಗೆ ಬೆಳಗಾಗ್ತಿರ್ಲಿಲ್ಲ. ಕುಡ್ದು ಬಂದು ಹೆಂಡ್ತೀನ ಬಡೀತಿದ್ದೆ. ನನ್ನಂತೋನ್ನೂ ದೇವರು ಕೈ ಬಿಡ್ಲಿಲ್ಲ!"

ಡ್ರೈವರ್ ಬಾಯಿ ಬಿಟ್ಟುಕೊಂಡು ನೋಡಿದ. ಹೆಂಗಸರು ಅಳುವ ಬದಲು ಅವ್ವನ ಕಡೆ ತಿರುಗಿದರು. ಅಪ್ಪ ಮಾತ್ರ ಕಣ್ಣು ಮುಚ್ಚಿಕೊಂಡು ಸ್ತೋತ್ರಕ್ಕೆ ಕಾಯುತ್ತಿದ್ದ.

ಹೊಸದುರ್ಗದವರು ಊಟಕ್ಕೆ ಬರಲಿಲ್ಲ. "ಕುಡ್ದು ಬಡಿಯೋರ ಮನೆ ಹೆಣ್ಣು ನಮಗೆ ಬ್ಯಾಡ ಬಿಡ್ರಿ" ಎಂದು ಅಯ್ಯನವರಿಗೆ ಹೇಳಿ, ನೇರ ಬಸ್ ಸ್ಟ್ಯಾಂಡಿಗೆ ಹೋದರು.

ಮನೆಗೆ ಬಂದದ್ದೇ ಅವ್ವ ಸೆರಗು ಬಿಗಿದಳು. "ನನ್ನ ಬಡೀತಿದ್ರಾ? ನೀವು? ಜಿರಲೆ ಕಂಡ್ರೆ ಮಂಚ ಹತ್ತೋ ಗಂಡ್ಸು! ಯಾವ ಕೈಲಿ ಬಡಿದ್ರಿ, ತೋರಿಸ್ರಿ ಇಲ್ಲಿ!"

"ದೇವರ ಮುಂದೆ ತಗ್ಗಿಸ್ಕಂಡೆ ಕಣೇ..."

"ತಗ್ಗಿಸ್ಕಳ್ಳಾಕೆ ನನ್ನ ಬೆನ್ನೇ ಬೇಕಿತ್ತಾ ನಿಮಗೆ?"

ನಾನೂ ಸುಮ್ಮನಿರುವವಳಲ್ಲ. "ಅಪ್ಪಾ, ನಿನ್ನ ಸಾಕ್ಷಿ ನನ್ನ ಮದುವೆ ನುಂಗ್ತು" ಎಂದು ಅತ್ತುಬಿಟ್ಟೆ. ಅಪ್ಪ ತಟ್ಟೆ ಸರಿಸಿ ಎದ್ದುಹೋದ. ಆ ಸಾರನ್ನು ಮಧ್ಯಾಹ್ನ ಯಾರೂ ಮುಟ್ಟಲಿಲ್ಲ. ಸಂಜೆ ನಾನು ಸ್ವಲ್ಪ ತಿಂದೆ. ದುಃಖ ಬೇರೆ, ಹೊಟ್ಟೆ ಬೇರೆ.

ಮರುದಿನ ಅಪ್ಪ ಹೊಸದುರ್ಗಕ್ಕೆ ಕಾಗದ ಬರೆದ. ಇನ್ನೊಂದೇ ಭಾನುವಾರ ಬನ್ನಿ, ಎಲ್ಲರೆದುರು ಒಂದು ಮಾತು ಹೇಳುವುದಿದೆ ಎಂದು. ಅವರು ಬಂದರು. ಈ ಸಲ ಹಿಂದೆ, ಬಾಗಿಲ ಪಕ್ಕ ಕೂತರು.

ಅಪ್ಪ ಎದ್ದ.

"ನಾನು ಸಾರಾಯಿ ಮುಟ್ಟಿಲ್ಲ. ಹೆಂಡ್ತೀನ ಬಡ್ದಿಲ್ಲ. ಬಡಿಯಾಕೆ ಹೋಗಿದ್ರೆ ನಾನೇ ಉಳೀತಿರ್ಲಿಲ್ಲ." ಯಾರೋ ಕಿಸಕ್ಕೆಂದರು. "ಡ್ರೈವರಣ್ಣ ಎದ್ರೆ ನೀವೆಲ್ಲ ಅಳ್ತೀರಿ. ನನಗೂ ಅದು ಬೇಕಾಗಿತ್ತು, ಅದಕ್ಕೇ ಸುಳ್ಳು ಹೇಳ್ದೆ. ದೇವರಿಗೆ ತೋರಿಸಾಕೆ ನನ್ನತ್ರ ಏನೂ ಇಲ್ಲ. ಒಂದು ದೊಡ್ಡ ಪಾಪಾನೂ ಇಲ್ಲ. ಬರೀ ನಾನು ಇದೀನಿ."

ಯಾರೂ ಅಳಲಿಲ್ಲ. ಅಪ್ಪ ಜಮಖಾನದ ಮೇಲೆ ಮೊಣಕಾಲೂರಿದ. ಅವನನ್ನು ಅಷ್ಟು ಚಿಕ್ಕವನಾಗಿ ನಾನು ಎಂದೂ ನೋಡಿರಲಿಲ್ಲ. ವಾರದ ಕೋಪವೆಲ್ಲ ಇಳಿದುಹೋಯಿತು. ಅಯ್ಯನವರು ಬರೆದು ತಂದಿದ್ದ ಪ್ರಸಂಗದ ಹಾಳೆ ಮಡಿಚಿದರು. "ನಂಬಿಕೆಗೆ ತಳಪಾಯ ಇದೇ. ಇದರ ಮೇಲೆ ನಾನೇನು ಹೇಳಲಿ" ಎಂದು ತಾವೂ ಮೊಣಕಾಲೂರಿದರು.

ಆರಾಧನೆ ಮುಗಿದ ಮೇಲೆ ಹುಡುಗನ ತಂದೆ ಬಾಗಿಲ ಬಳಿ ಅಪ್ಪನ ಕೈ ಹಿಡಿದುಕೊಂಡರು. ಅವ್ವ, ನಾನು ಅಲ್ಲೇ ಇದ್ದೆವು.

"ನೀವು ಕುಡೀದೇ ಕುಡ್ದೆ ಅಂದ್ರಿ. ನಾನು ವರ್ಷಗಟ್ಲೆ ಕುಡ್ದೂ ಬಡ್ದೂ ಸಭೇಲಿ ಇಲ್ಲೀತನಕ ಬಾಯಿ ಬಿಟ್ಟಿಲ್ಲ. ಹೋದ ವಾರ ನೀವು ಹೇಳಿದ್ದು ನನ್ನ ಕತೆ. ನಿಮ್ಮನೇಲಿ ಕುಂತು ಉಣ್ಣಾಕೆ ಆಗ್ಲಿಲ್ಲ, ಅಯ್ಯನೋರಿಗೆ ನೆಪ ಹೇಳಿ ಹೊಂಟೋದೆ." ಅವರು ಅವ್ವನ ಕಡೆ ತಿರುಗಿ ತಲೆ ತಗ್ಗಿಸಿದರು. "ಈಗ ಹೆಣ್ಣು ಕೊಡೋದು ಬಿಡೋದು ನಿಮಗೆ ಸೇರಿದ್ದು ಕಣಮ್ಮ."

ಅವ್ವ ನನ್ನ ಮುಖ ನೋಡಿದಳು. ನನಗೆ ತಡೆಯಲಾಗಲಿಲ್ಲ. "ನಿಮ್ಮ ಮಗನೂ ಕುಡೀತಾರಾ?" ಎಂದು ಕೇಳಿಯೇಬಿಟ್ಟೆ.

"ಇಲ್ಲ ಕಣವ್ವ" ಎಂದರು ಅವರು. "ನಾನು ಬಡಿಯೋವಾಗ ತನ್ನ ಅವ್ವನಿಗೆ ಅಡ್ಡ ನಿಂತು ಬೆಳ್ದೋನು ಅವನು."

ನಾನು ಅವ್ವನಿಗೆ ಹೂಂ ಅಂದೆ.