ಅತ್ತೆಗೆ ಕೇಳಿಸಿದ ನೀರು

ಇಂಥ ಸಂಗತಿಗಳನ್ನು ನಾನು ನಂಬುವವಳಲ್ಲ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಬೋರ್‌ವೆಲ್ಲಿಗೆ ಜಾಗ ತೋರಿಸುವವರ ಬಗ್ಗೆ ಸ್ಟಾಫ್ ರೂಮಿನಲ್ಲಿ ಎಷ್ಟು ಸಲ ನಕ್ಕಿದ್ದೇನೋ! ಈಗ ನನ್ನ ಮನೆಯಲ್ಲೇ ನಡೆದದ್ದನ್ನು ಹೇಳಹೊರಟರೆ ನೀವು ನಗಬಹುದು. ನಗಿರಿ, ನನ್ನ ತಕರಾರಿಲ್ಲ.

ನವನಗರದಲ್ಲಿ ನಮ್ಮದು ಎರೆಮಣ್ಣಿನ ಮೇಲೆ ಕಟ್ಟಿದ ಮನೆ. ಆ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಾಯಿ ಬಿಡುತ್ತದೆ. ಕೆಲವು ವರ್ಷಗಳ ಹಿಂದೆ ಅಡುಗೆಮನೆಯ ಗೋಡೆಯಲ್ಲಿ ಕೂದಲೆಳೆಯಂಥ ಬಿರುಕು ಕಾಣಿಸಿತು. ನೋಡನೋಡುತ್ತ ಅದು ಚಮಚದ ಹಿಡಿ ತೂರುವಷ್ಟು ಅಗಲವಾಯಿತು. ಪಾಯದ ಕೆಳಗೆ ಎಲ್ಲೋ ನೀರು ಸೋರುತ್ತಿದೆ, ಹುಡುಕದಿದ್ದರೆ ಗೋಡೆ ಕುಸಿಯುತ್ತದೆ ಎಂದು ಗೌಂಡಿ ಹೆದರಿಸಿ ಹೋದ.

ಅದೇ ದಿನಗಳಲ್ಲಿ ನಮ್ಮ ಅತ್ತೆಯವರದು ಶುರುವಾಯಿತು. ಅವರಿಗೆ ಕಿವಿ ಕೇಳುವುದಿಲ್ಲ. ಮಂದವಲ್ಲ, ಪೂರ್ತಿ ಇಲ್ಲ. ನನ್ನ ಮದುವೆಗೂ ಮೊದಲೇ ಜ್ವರ ಬಂದು ಕಿವಿಯ ನರ ಸತ್ತುಹೋಗಿತ್ತಂತೆ. ಮೊಮ್ಮಗಳ ದನಿಯನ್ನು ಅವರು ಒಮ್ಮೆಯೂ ಕೇಳಿಲ್ಲ. ತುಟಿ ನೋಡಿ ನಮ್ಮ ಮಾತು ತಿಳಿಯುತ್ತಾರೆ. ಅಂಥವರು ಒಂದು ಮಧ್ಯಾಹ್ನ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, "ನೀರಿನ ಸಪ್ಪಳ ಕೇಳಸಾಕತ್ತೈತಲ್ಲ?" ಎಂದರು. ನಾನು ನಳ ತೋರಿಸಿ, ಬಂದ್ ಇದೆ ಎಂದೆ.

"ಅದಲ್ಲವ್ವಾ, ತೆಳಗ. ಬುಳುಬುಳು ಅಂತ ಹರಿಯಾಕತ್ತೈತಿ."

ಆಮೇಲೆ ದಿನಾ ಇದೇ. ಊಟದ ನಡುವೆ ಕೈ ತಡೆದು ಆಲಿಸುವರು, ತಮ್ಮಷ್ಟಕ್ಕೆ ತಾವೇ ನಗುವರು. ನನ್ನ ಯಜಮಾನರಿಗೆ ಗಾಬರಿಯಾಯಿತು. "ಅವ್ವನ ತಲಿ ಕೆಡಾಕತ್ತೈತಿ, ಡಾಕ್ಟರಿಗೆ ತೋರ್ಸೂಣು" ಎಂದು ನನ್ನೊಡನೆ ಹೇಳಿದರು. ಆ ಮಾತನ್ನು ಅತ್ತೆ ದೂರದಿಂದಲೇ ತುಟಿಯಲ್ಲಿ ಓದಿಬಿಟ್ಟರು. "ನನಗ ಹುಚ್ಚ ಹಿಡದಿಲ್ಲೋ ಯಪ್ಪಾ" ಎಂದು ಅತ್ತರು.

ಸೋರಿಕೆ ಹುಡುಕುವ ಮಷಿನ್‌ನವನನ್ನು ಕರೆಸಿದೆವು. ಅವನು ಹೆಡ್‌ಫೋನ್ ಹಾಕಿಕೊಂಡು, ಗುಂಡನೆಯ ಮೈಕನ್ನು ನೆಲದ ಮೇಲೆ ಇಡುತ್ತ ಮನೆಯೆಲ್ಲ ಸುತ್ತಿದ. "ಏನೂ ಇಲ್ರಿ ಅಕ್ಕಾರ, ಪೂರಾ ಶಾಂತ ಐತಿ" ಎಂದ. ಅಷ್ಟರಲ್ಲಿ ಅತ್ತೆ ಒಲೆಕಟ್ಟೆಯ ಮೂಲೆಗೆ ಹೋಗಿ ಹೆಬ್ಬೆರಳಿನಿಂದ ಒಂದು ನೆಲಹಾಸುಗಲ್ಲನ್ನು ಒತ್ತಿ, "ಇಲ್ಲೆ" ಎಂದರು. ಅವನು ಅಲ್ಲಿಯೂ ಮೈಕ್ ಇಟ್ಟು ಕೇಳಿ, ಇಲ್ಲವೆಂದು ತಲೆಯಾಡಿಸಿದ. ಅತ್ತೆ ಮಗನ ಕಡೆ ತಿರುಗಿದರು.

"ಇಲ್ಲೇ ಅಗಸೋ. ನೀರ ಸಿಗಲಿಲ್ಲಂದ್ರ ನೀ ಹೇಳಿದ ದವಾಖಾನಿಗೆ ಸುಮ್ನ ಬರ್ತೇನಿ."

ಅಗೆಸಿದೆವು. ಮೊಣಕಾಲುದ್ದದ ತಗ್ಗಿನಲ್ಲಿ ಎರೆಮಣ್ಣು ನಾದಿದ ಹಿಟ್ಟಿನಂತೆ ಹಸಿಯಾಗಿತ್ತು. ಅದರೊಳಗೆ, ಬೀದಿಯಿಂದ ಹಿತ್ತಲಿನ ನೀರಿನ ತೊಟ್ಟಿಗೆ ಬರುವ ಹಳೇ ಪೈಪು ಸೀಳಿಕೊಂಡು ಬಿದ್ದಿತ್ತು. ಯಜಮಾನರು ತಗ್ಗಿನ ಅಂಚಿನಲ್ಲೇ ಕುಳಿತುಬಿಟ್ಟರು. "ತಪ್ಪಾತವ್ವಾ" ಎಂದು ಅತ್ತೆಯ ಕಾಲು ಹಿಡಿದರು. ಡಾಕ್ಟರಿಗೆ ತೋರಿಸುವ ಮಾತು ಅಲ್ಲಿಗೇ ಮುಗಿಯಿತು.

ಗೋಡೆ ಉಳಿಯಿತು, ನನ್ನ ತಲೆ ಕೆಟ್ಟಿತು. ಮಷಿನ್ನಿಗೆ ಏಕೆ ಕೇಳಿಸಲಿಲ್ಲ ಎಂಬುದು ಆಮೇಲೆ ಹೊಳೆಯಿತು. ನಮ್ಮಲ್ಲಿ ನಳ ದಿನಾ ಬರುವುದಿಲ್ಲ. ಬಂದ ದಿನ ಕೊಡ, ಬಕೀಟು, ಡ್ರಮ್ಮು ತುಂಬುವ ಗಡಿಬಿಡಿಯಲ್ಲಿ ಉಸಿರಾಡಲೂ ಪುರುಸೊತ್ತಿರುವುದಿಲ್ಲ. ಅದಕ್ಕೇ ನಳ ಬಾರದ ದಿನ ನೋಡಿ ಅವನನ್ನು ಕರೆಸಿದ್ದೆವು! ಖಾಲಿ ಪೈಪು ಏನು ಸಪ್ಪಳ ಮಾಡೀತು? ಸರಿ, ಒಪ್ಪಿದೆ. ಆದರೆ ಆ ದಿನ ಆ ಖಾಲಿ ಪೈಪಿನ ಸಪ್ಪಳ ಅತ್ತೆಗೆ ಹೇಗೆ ಕೇಳಿಸಿತು? ಪಾದಕ್ಕೆ ತಂಪು ಹತ್ತಿರಬೇಕು ಎಂದುಕೊಂಡೆ. ಆದರೆ ಆ ಕಲ್ಲು ಉಳಿದ ಕಲ್ಲುಗಳಷ್ಟೇ ಒಣಗಿತ್ತು, ನಾನೇ ಕೈಯಿಟ್ಟು ನೋಡಿದ್ದೆ. ಕಿವಿ ಮರಳಿ ಬಂದಿದೆಯೇನೋ ಎಂದು ಅವರ ಬೆನ್ನ ಹಿಂದೆ ತಾಟು ಬಡಿದು ನೋಡಿದೆ. ಅವರು ತಿರುಗಲಿಲ್ಲ.

ಹೊಸ ಪೈಪು ಹಾಕಿಸಿ, ತಗ್ಗು ಮುಚ್ಚಿ, ಕಲ್ಲು ಕೂಡಿಸಿದ ಸಂಜೆ ನಾವೆಲ್ಲ ಪಡಸಾಲೆಯಲ್ಲಿ ಖುಷಿಯಿಂದ ಚಹಾ ಕುಡಿಯುತ್ತಿದ್ದೆವು. ಅತ್ತೆ ಮಾತ್ರ ಆ ಮೂಲೆಯಲ್ಲಿ ನೆಲಕ್ಕೆ ಅಂಗೈ ಹಚ್ಚಿಕೊಂಡು ಕುಳಿತಿದ್ದರು. ನಾನು ಎದುರಿಗೆ ಕುಳಿತು, "ಈಗ ಸಪ್ಪಳ ನಿಂತತಿಲ್ರಿ ಅತ್ತಿ?" ಎಂದೆ. ಅವರ ಕಣ್ಣು ತುಂಬಿತ್ತು.

"ನಿಂತೈತವ್ವಾ. ಇಷ್ಟ ವರ್ಷದಾಗ ನನಗ ಕೇಳಿಸಿದ್ದು ಅದೊಂದ ಇತ್ತು."

ಪೈಪು ಏಕೆ ಒಡೆಯಿತು ಎಂದು ಕೇಳಿ, ಹಲಗೆಯ ಮೇಲೆ ಬರೆದು ತೋರಿಸುತ್ತೇನೆ. ಇದನ್ನು ಏನೆಂದು ಬರೆಯಲಿ? ಈಗಲೂ ಅತ್ತೆ ರೊಟ್ಟಿ ಬಡಿಯುತ್ತ ಬಡಿಯುತ್ತ ಒಮ್ಮೊಮ್ಮೆ ಕೈ ನಿಲ್ಲಿಸುತ್ತಾರೆ. ನಾನು ಆಸೆಯಿಂದ ಅವರ ಮುಖ ನೋಡುತ್ತೇನೆ. ಅವರು ಇಲ್ಲವೆಂದು ತಲೆಯಾಡಿಸಿ ಮತ್ತೆ ಬಡಿಯತೊಡಗುತ್ತಾರೆ.